ಅರ್ಧ ಡಾಕ್ಟ್ರ ನೊರೆ ಕಾಗದ

ಪ್ರಪಂಚದಲ್ಲಿ ನಡೆಯುವ ವೈದ್ಯಕೀಯ ಸಂಶೋಧನೆಗಳೆಲ್ಲ ನಮ್ಮ ಭಾವನ ಅಂಗಡಿಗೆ ಬಂದು ಮುಟ್ಟುವ ಹೊತ್ತಿಗೆ ಅಂಗೈ ಅಗಲಕ್ಕೆ ಇಳಿದಿರುತ್ತಿದ್ದವು. ಅದಕ್ಕೆ ಕಾರಣ ನಮ್ಮ ಅಕ್ಕ.

ಭಾವನದು ಕ್ಷೌರದ ಅಂಗಡಿ. ಗಡ್ಡ ಹೆರೆಯುವಾಗ ಕತ್ತಿಯ ಮೇಲೆ ನಿಲ್ಲುವ ನೊರೆ ಒರೆಸಲು ಕಾಗದದ ಚೂರುಗಳು ಬೇಕು. ಅದಕ್ಕೆಂದೇ ಹಳೆಯ ಪತ್ರಿಕೆಗಳ ಕಟ್ಟು ಮನೆಗೆ ಬರುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಗೋಡೆಗೆ ಒರಗಿ, ಕಾಲು ಚಾಚಿ ಕುಳಿತು, ನಾನು ಬಿಟ್ಟುಕೊಟ್ಟ ಹಳೆಯ ಕತ್ತರಿಯಿಂದ ಅವನ್ನು ಚೌಕ ಚೌಕವಾಗಿ ಕತ್ತರಿಸಿ ಡಬ್ಬಕ್ಕೆ ತುಂಬುತ್ತಿದ್ದಳು. ಒಂದಷ್ಟು ದೊಡ್ಡ ಹಾಳೆಗಳು ನನ್ನ ಪಾಲಿಗೂ ಬರುತ್ತಿದ್ದವು. ನಾನು ಭಾವನ ಅಂಗಡಿಯ ಪಕ್ಕದಲ್ಲೇ ಬಟ್ಟೆ ಹೊಲಿಯುವವಳು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅದೇ ಅಳತೆಯಲ್ಲಿ ಕಾಗದದ ನಮೂನೆ ಮಾಡಿಟ್ಟುಕೊಳ್ಳುವುದು ನನ್ನ ಪದ್ಧತಿ. ಎರಡು ಅಂಗಡಿಗಳ ನಡುವೆ ಇರುವುದು ಬರೀ ಹಲಗೆಯ ಗೋಡೆ. ಅವರು ಆ ಕಡೆ ಸೀನಿದರೆ ಈ ಕಡೆ ನನ್ನ ಹೊಲಿಗೆ ಡೊಂಕಾಗುತ್ತದೆ.

ನನಗೆ ಮದುವೆಯಾಗಿಲ್ಲ. ಅಕ್ಕನ ಸಂಸಾರವನ್ನು ಇಷ್ಟು ಹತ್ತಿರದಿಂದ ನೋಡಿದ ಮೇಲೆ ಅವಸರವೂ ಅನ್ನಿಸಲಿಲ್ಲ. ಭಾವ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಕತ್ತರಿ’ ಅನ್ನುತ್ತಾರೆ. ಕೆಲಸ ನೋಡಿ ಇಟ್ಟ ಹೆಸರೋ, ನಾಲಿಗೆ ನೋಡಿ ಇಟ್ಟದ್ದೋ ಎಂದು ನಾನೂ ಕೆದಕಲು ಹೋಗಿಲ್ಲ.

ಭಾವನ ಓದೆಲ್ಲ ಈ ಚೌಕಗಳಲ್ಲೇ. ಒಮ್ಮೆ ಕತ್ತಿ ಎಳೆಯುವುದು, ಒಮ್ಮೆ ಒರೆಸುವುದು, ಒರೆಸುವ ಮುಂಚೆ ಕಾಗದದ ಮೇಲೆ ಕಣ್ಣಾಡಿಸುವುದು. ರಾಜಕೀಯ, ಕೊಲೆ, ಆಟೋಟ ಯಾವುದಕ್ಕೂ ಅವರ ಕಣ್ಣು ನಿಲ್ಲುತ್ತಿರಲಿಲ್ಲ. ‘ಸಂಶೋಧಕರು ಕಂಡುಕೊಂಡಿದ್ದಾರೆ’ ಎಂಬ ಮಾತು ಕಂಡಿತೋ, ಗಿರಾಕಿಯ ಅರ್ಧ ಗಡ್ಡ ಹಾಗೇ ನಿಂತುಬಿಡುತ್ತಿತ್ತು. ಆದರೆ ಅಕ್ಕ ಸುದ್ದಿ ನೋಡಿ ಕತ್ತರಿಸುವವಳಲ್ಲ. ತಲೆ ಇದ್ದ ಚೂರಿನಲ್ಲಿ ಬಾಲ ಇರುತ್ತಿರಲಿಲ್ಲ. ‘ಈ ಪ್ರಯೋಗ ನಡೆದದ್ದು ಇಲಿಗಳ ಮೇಲೆ, ಮನುಷ್ಯರ ಮಟ್ಟಿಗೆ ಇನ್ನೂ ಏನೂ ಹೇಳಲಾಗದು’ ಎಂಬ ಕೊನೆಯ ಸಾಲು ಇನ್ಯಾರದೋ ಗಡ್ಡದ ನೊರೆ ಮೆತ್ತಿಕೊಂಡು ಕಸದ ಬುಟ್ಟಿ ಸೇರಿರುತ್ತಿತ್ತು. ಇಲಿಗಳಿಗೆಂದು ಹೇಳಿದ ಪಥ್ಯವನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಮಾಡಿದ್ದೇವೋ ದೇವರಿಗೇ ಗೊತ್ತು.

ಬೀದಿಯವರು ಭಾವನಿಗೆ ‘ಅರ್ಧ ಡಾಕ್ಟ್ರು’ ಎಂದು ಹೆಸರಿಟ್ಟಿದ್ದರು. ಭಾವ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು. “ಪೂರ್ತಿ ಡಾಕ್ಟ್ರಾಗೋಕೆ ಎಷ್ಟೋ ವರ್ಷ ಓದ್ಬೇಕು. ನಾನು ನಿಂತಲ್ಲೇ ಅರ್ಧ ಆಗಿಲ್ವಾ?” ಎಂದು ಮೀಸೆ ತಿರುವುತ್ತಿದ್ದರು.

ಊಟವನ್ನು ಚೆನ್ನಾಗಿ ಅಗಿದು ತಿಂದರೆ ಒಳ್ಳೆಯದು ಎಂಬ ಚೂರು ಬಂದ ವಾರ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಸಂಜೆಗೆ ಮುಗಿಯುತ್ತಿತ್ತು. “ಹಸು ಕೂಡ ಇಷ್ಟು ಹೊತ್ತು ಮೆಲುಕು ಹಾಕಲ್ಲ ಕಣ್ರೀ,” ಎಂದು ಅಕ್ಕ ತಟ್ಟೆ ಎತ್ತಿಕೊಂಡು ಹೋದಳು. ಎಡಮಗ್ಗುಲಲ್ಲಿ ಮಲಗಬೇಕು ಎಂದು ಒಂದು ಚೂರು ಹೇಳಿತು. ಮರುವಾರ ಇನ್ನೊಂದು ಬಲಮಗ್ಗುಲೇ ವಾಸಿ ಎಂದಿತು. ಭಾವ ರಾತ್ರಿಯೆಲ್ಲ ಹೊರಳಾಡಿದರು. “ಮಲಗದೇ ಇರೋರ ಬಗ್ಗೆ ಏನಾದ್ರೂ ಕಂಡ್ಕೊಂಡಿದ್ದಾರಾ ನೋಡಿ, ನಂಗೂ ಬೇಕು,” ಎಂದಳು ಅಕ್ಕ. ಆಮೇಲೆ ನಗುವಿನ ಸರದಿ ಬಂತು. ನಕ್ಕರೆ ಆಯುಷ್ಯ ಹೆಚ್ಚುತ್ತದೆ ಎಂದು ಓದಿಕೊಂಡು ಭಾವ ದಿನಾ ಬೆಳಿಗ್ಗೆ ಅಂಗಡಿ ತೆರೆದವರೇ ಕನ್ನಡಿಯ ಮುಂದೆ ನಿಂತು, ಯಾವ ಕಾರಣವೂ ಇಲ್ಲದೆ ಗಹಗಹಿಸಿ ನಗತೊಡಗಿದರು. ಹಲಗೆಯ ಈಚೆ ನಾನು ಸೂಜಿಗೆ ದಾರ ಪೋಣಿಸುವ ಹೊತ್ತು ಅದು. ಬೆರಳು ಚುಚ್ಚಿಕೊಂಡು ನನ್ನ ಆಯುಷ್ಯ ಕಡಿಮೆಯಾದದ್ದನ್ನು ಯಾವ ಸಂಶೋಧಕನೂ ಬರೆದುಕೊಳ್ಳಲಿಲ್ಲ.

ಇವೆಲ್ಲ ಹತ್ತು ಹದಿನೈದು ದಿನದ ಹುಚ್ಚು. ಬಿಡದೆ ಅಂಟಿಕೊಂಡದ್ದು ಒಂದೇ ಚೂರು. ಅದನ್ನು ಭಾವ ನೊರೆ ತಾಗಿಸದೆ ಕನ್ನಡಿಯ ಮೂಲೆಗೆ ಅಂಟಿಸಿದ್ದರು. ‘ದಿನವೂ ಕಾಫಿ ಕುಡಿಯುವವರು ಕುಡಿಯದವರಿಗಿಂತ ಹೆಚ್ಚು ಕಾಲ ಬದುಕುವ ಸಾಧ್ಯತೆ ಇದೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಹೃದಯಕ್ಕೂ ಇದರಿಂದ ಅನುಕೂಲವಿರಬಹುದು. ಆದರೆ’ ಎಂಬಲ್ಲಿಗೆ ಅಕ್ಕನ ಕತ್ತರಿ ಬಿದ್ದಿತ್ತು.

“ಆದರೆ ಅಂತ ಇದೆಯಲ್ಲ ಭಾವ,” ಎಂದು ನಾನೇ ಕೇಳಿದ್ದೆ.

“ಇನ್ನೂ ಏನೋ ಒಳ್ಳೇದು ಹೇಳೋಕೆ ಹೊರಟಿದ್ರು ಕಣೆ. ಜಾಗ ಸಾಲ್ಲಿಲ್ಲ ಅಷ್ಟೆ,” ಎಂದರು.

ಕಾಫಿ ಎಂದರೆ ಅವರಿಗೆ ಮೊದಲಿನಿಂದಲೂ ಪ್ರಾಣ. ವಿಜ್ಞಾನವೇ ಬೆನ್ನು ತಟ್ಟಿದ ಮೇಲೆ ಕೇಳಬೇಕೆ? ಎದುರಿನ ಹೋಟೆಲಿನಿಂದ ತುಂಬಿಸಿಕೊಂಡು ಬರಲು ಒಂದು ಫ್ಲಾಸ್ಕು ಬಂತು.

ಅದಾಗಿ ಎಷ್ಟೋ ತಿಂಗಳ ಮೇಲೆ ಒಂಟಿ ಕಾಲಿನ ಕಾಲ ಶುರುವಾಯಿತು. ಒಂದು ಕಾಲಿನ ಮೇಲೆ ಅಲುಗಾಡದೆ ನಿಲ್ಲಬಲ್ಲವರ ಆರೋಗ್ಯ ಚೆನ್ನಾಗಿರುತ್ತದೆ ಎಂದೇನೋ ಒಂದು ಚೂರಿನಲ್ಲಿತ್ತಂತೆ. ಭಾವ ಅದನ್ನು ಅಭ್ಯಾಸ ಮಾಡಲು ಆರಿಸಿಕೊಂಡದ್ದು ಗಡ್ಡ ಹೆರೆಯುವ ಹೊತ್ತನ್ನು. ಮೊದಲ ದಿನ ಕುರ್ಚಿಯಲ್ಲಿ ಸಿಕ್ಕಿಬಿದ್ದವನು ಅಂಚೆಯಣ್ಣ. ನಮ್ಮ ಬೀದಿಗೆ ಕಾಗದ ಹಂಚುವವನು, ಭಾವನ ಹಳೆಯ ಗಿರಾಕಿ, ಅದಕ್ಕಿಂತ ಹಳೆಯ ಸ್ನೇಹಿತ. ನಾನು ಈ ಕಡೆ ಕೂತು ಪೂರ್ತಿ ಕೇಳಿಸಿಕೊಂಡೆ.

“ಯಜಮಾನ್ರೇ, ನಿಮ್ಮ ಇನ್ನೊಂದು ಕಾಲು ಎಲ್ಲಿ?”

“ಮೇಲಿದೆ. ಮಾತಾಡ್ಬೇಡಿ, ಗಂಟಲು ಅಲ್ಲಾಡುತ್ತೆ.”

“ನನ್ ಗಂಟಲು ಅಲ್ಲಾಡಿದ್ರೆ ಪರವಾಗಿಲ್ಲ, ನಿಮ್ ಕೈ ಅಲ್ಲಾಡ್ತಿದೆ!”

“ಒಂಟಿ ಕಾಲಲ್ಲಿ ನಿಂತ್ರೆ ಕೈ ಸ್ವಲ್ಪ ಆಡೇ ಆಡುತ್ತೆ. ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಆಯುಷ್ಯ ಮುಖ್ಯ.”

“ಯಾರ ಆಯುಷ್ಯ ರೀ?”

ಬೀದಿಯೆಲ್ಲ ಈ ಮಾತು ಹರಡಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕವರಲ್ಲಿ ಅರ್ಧ ಜನ ಮರುದಿನದಿಂದ ತಿರುವಿನಲ್ಲಿರುವ ಹೊಸ ಸಲೂನಿಗೆ ಹೋಗತೊಡಗಿದರು. ಉಳಿದವರು ಕುರ್ಚಿ ಏರುವ ಮುಂಚೆ ಉಸಿರು ಎಳೆದುಕೊಂಡು, ಇಳಿದ ಮೇಲೆ ಬಿಡುತ್ತಿದ್ದರು. ನನಗಂತೂ ಸಿಟ್ಟು ನೆತ್ತಿಗೇರಿತ್ತು. “ಭಾವ, ಹೊಟ್ಟೆಪಾಡಿನ ಮೇಲೆ ಕಾಲೆತ್ಕೊಂಡು ನಿಂತಿದ್ದೀರಲ್ಲ!” ಎಂದು ಬೈದೆ. ಅವರು ನಕ್ಕುಬಿಟ್ಟರು. ಆಯುಷ್ಯದ ನಗು.

ಆ ದಿನಗಳಲ್ಲಿ ಇನ್ನೊಂದು ಸದ್ದೂ ಹಲಗೆ ದಾಟಿ ಬರುತ್ತಿತ್ತು. ನೀರಿನ ಸ್ಟೀಲ್ ಬಟ್ಟಲಿನಲ್ಲಿ ಕತ್ತಿ ಅದ್ದುವಾಗ ಅದರ ಅಂಚಿಗೆ ತಾಗಿ ಟಿಣಿಟಿಣಿ ಎನ್ನುವ ಸದ್ದು. ಇವರು ಯಾವುದೋ ತಾಳ ಹಾಕುತ್ತಿದ್ದಾರೆ ಎಂದುಕೊಂಡಿದ್ದೆ. ತಾಳ ಹಾಕಿದರೆ ರಕ್ತ ಶುದ್ಧಿಯಾಗುತ್ತದೆ ಎಂದು ಯಾವ ಪುಣ್ಯಾತ್ಮ ಬರೆದನೋ ಎಂದು ಗೊಣಗಿಕೊಂಡದ್ದೂ ಉಂಟು.

ಒಂದು ಬೆಳಿಗ್ಗೆ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ನಮೂನೆ ತೆಗೆಯಲು ಸ್ಟೂಲು ಹತ್ತಿದ್ದೆ. ಹಲಗೆಯಲ್ಲೊಂದು ಬಿರುಕಿದೆ, ಅದು ಸರಿಯಾಗಿ ಕಣ್ಣಿನ ಎದುರಿಗೆ ಬಂತು. ಭಾವನ ಅಂಗಡಿಯಲ್ಲಿ ಗಿರಾಕಿ ಯಾರೂ ಇರಲಿಲ್ಲ. ಅವರೊಬ್ಬರೇ ಕತ್ತಿ ಹಿಡಿದು ಬಟ್ಟಲಿನ ಮುಂದೆ ನಿಂತಿದ್ದರು, ಎರಡೂ ಕಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿಕೊಂಡು. ಆದರೂ ಕತ್ತಿ ಟಿಣಿಟಿಣಿ ಎನ್ನುತ್ತಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅಮುಕಿ ಹಿಡಿದರು. ಸದ್ದು ನಿಲ್ಲಲಿಲ್ಲ. ಕತ್ತಿ ಕೆಳಗಿಟ್ಟು, ಗಿರಾಕಿ ಕೂರುವ ಕುರ್ಚಿಯಲ್ಲಿ ತಾವೇ ಕೂತು, ತಲೆ ಬಗ್ಗಿಸಿದರು.

ಆಗ ಹೊಳೆಯಿತು. ಒಂಟಿ ಕಾಲು ಆಯುಷ್ಯಕ್ಕಲ್ಲ. ಕೈ ನಡುಗುವುದಕ್ಕೆ ಒಂದು ನೆವ ಬೇಕಿತ್ತು, ಅದಕ್ಕೆ ಕಾಲೆತ್ತಿದ್ದರು. ಊರು ಹುಚ್ಚ ಎಂದು ನಗಲಿ, ಕೈ ಹೋಯಿತು ಎಂದು ಮಾತ್ರ ತಿಳಿಯದಿರಲಿ ಎಂದು.

ಇದು ಯಾಕೆ ಎಂದು ನನಗೆ ಗೊತ್ತಿತ್ತು. ಭಾವನ ಅಪ್ಪನದೂ ಇದೇ ಅಂಗಡಿ, ಇದೇ ಕುರ್ಚಿ. ವಯಸ್ಸಾದ ಮೇಲೆ ಅವರ ಕೈ ನಡುಗತೊಡಗಿ, ಒಂದು ದಿನ ಗಿರಾಕಿಯೊಬ್ಬರ ಕಿವಿಗೆ ಕತ್ತಿ ತಾಗಿತು. ಅಂದೇ ಅವರು ಕತ್ತಿಯನ್ನು ಮಗನ ಕೈಗಿಟ್ಟು ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತವರು, ಕಣ್ಣು ಮುಚ್ಚುವವರೆಗೂ ಅಲ್ಲೇ ಕೂತು ಹೋಗಿಬರುವವರಿಗೆ “ಬನ್ನಿ, ಬನ್ನಿ” ಎನ್ನುತ್ತಿದ್ದರು. ಬೆಂಚು ಇಂದಿಗೂ ಅಲ್ಲೇ ಇದೆ. ಇಷ್ಟೆಲ್ಲ ಆಯುಷ್ಯದ ಮಾತಾಡುವ ಭಾವನಿಗೆ ಸಾವಿನ ಭಯವೇನೂ ಇರಲಿಲ್ಲ. ಭಯ ಇದ್ದದ್ದು ಆ ಬೆಂಚಿನದು.

ಅಕ್ಕನಿಗೆ ಹೇಳೋಣ ಎಂದು ಓಡಿದೆ. ಅವಳು ಪತ್ರಿಕೆ ಕತ್ತರಿಸುತ್ತ ಕೂತಿದ್ದಳು. “ಗೊತ್ತು ಕಣೆ. ಎಷ್ಟು ದಿನದಿಂದ ಅವರ ಅಂಗಿ ಗುಂಡಿ ಹಾಕ್ತಿರೋದು ನಾನು,” ಎಂದಳು.

“ಡಾಕ್ಟ್ರ ಹತ್ರ ಹೋಗಿ ಅನ್ನೋಕೇನು?”

“ಅಂದೆ. ಹೋದ್ರೆ ಕಾಯಿಲೆಗೆ ಒಂದು ಹೆಸರಿಡ್ತಾರೆ, ಹೆಸರಿಟ್ಟ ಮೇಲೆ ಅದು ಮನೇಲೇ ಉಳ್ಕೊಳುತ್ತೆ ಅಂತಾರೆ.”

ಎಂದೂ ಪತ್ರಿಕೆಯತ್ತ ಕಣ್ಣು ಹಾಯಿಸದ ಅಕ್ಕ ಆ ವಾರ ಕಟ್ಟನ್ನೆಲ್ಲ ಜಾಲಾಡಿದ್ದಳು. ಕೈ ನಡುಕವನ್ನು ಅಲಕ್ಷ್ಯ ಮಾಡದೆ ತೋರಿಸಿಕೊಳ್ಳಬೇಕು ಎಂಬ ಬರಹ ಸಿಕ್ಕಿತ್ತು. ಅದನ್ನು ತಲೆ ಬಾಲ ಎರಡೂ ಇರುವಂತೆ ಜೋಪಾನವಾಗಿ ಕತ್ತರಿಸಿ ಡಬ್ಬದ ಮೇಲ್ಗಡೆ ಇಟ್ಟಳು. ಕಾಲಿನ ಆಣಿಗೆ ಮುಲಾಮು ಮಾರುವವರ ಜಾಹೀರಾತನ್ನೂ ಬಿಡದೆ ಓದುವ ಭಾವ, ಆ ಚೂರಿನ ತಲೆಬರಹ ಕಂಡೊಡನೆ ಮುಖ ತಿರುಗಿಸಿ, ಇದ್ದಬದ್ದ ನೊರೆಯನ್ನೆಲ್ಲ ಅದಕ್ಕೆ ಬಳಿದು ಬುಟ್ಟಿಗೆಸೆದರಂತೆ. ಇದನ್ನು ಹೇಳುವಾಗ ಅಕ್ಕ ಅತ್ತಳು. ಅಕ್ಕ ಅಳುವವಳಲ್ಲ, ಅಳಿಸುವವಳು. ಅವಳು ಅತ್ತದ್ದನ್ನು ನೋಡಿ ನನಗೆ ಕೈಕಟ್ಟಿ ಕೂರಲಾಗಲಿಲ್ಲ.

ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟ್ರಮ್ಮ ತಮ್ಮ ಬಿಳಿ ಕೋಟುಗಳನ್ನು ನನ್ನ ಹತ್ತಿರವೇ ಹೊಲಿಸುವುದು. ಒಂದು ಕೋಟು ಅರ್ಧ ಆಗಿತ್ತು. ಅಳತೆ ನೋಡಬೇಕು ಎಂದು, ದಿನಾ ಸಂಜೆ ಭಾವ ನನಗೆ ಕಾಫಿ ಕೊಡಲು ಬರುವ ಹೊತ್ತಿಗೇ ಅವರನ್ನು ಬರಹೇಳಿದೆ. ವಿಷಯವನ್ನೂ ಕಿವಿಗೆ ಹಾಕಿದ್ದೆ. ಅವರು ಬಂದು, ಒಂದೇ ತೋಳಿನ ಕೋಟು ತೊಟ್ಟು ನಿಂತರು. ಇನ್ನೊಂದು ತೋಳು ನನ್ನ ಹೆಗಲ ಮೇಲಿತ್ತು. ಅಷ್ಟರಲ್ಲಿ ಭಾವ ಫ್ಲಾಸ್ಕು ಹಿಡಿದು ಒಳಗೆ ಬಂದರು.

“ಏ ಕತ್ತರಿ, ಬಿಸಿಬಿಸಿ ಇದೆ, ತಗೋ. ಡಾಕ್ಟ್ರಮ್ಮ, ನೀವೂ ಒಂದು ಲೋಟ ಕುಡೀರಿ. ಹೃದಯಕ್ಕೆ ಒಳ್ಳೇದು.”

ಲೋಟಕ್ಕೆ ಬಗ್ಗಿಸತೊಡಗಿದರು. ಫ್ಲಾಸ್ಕಿನ ಬಾಯಿ ಲೋಟದ ಅಂಚಿಗೆ ತಾಗಿ ಕಟಕಟ ಎಂದಿತು. ಮೂರು ತೊಟ್ಟು ನನ್ನ ಬಟ್ಟೆಯ ಮೇಲೆ ಬಿತ್ತು. ಭಾವ ತಟ್ಟನೆ ಒಂದು ಕಾಲು ಎತ್ತಿದರು.

“ಕಾಲು ಕೆಳಗಿಡಿ,” ಎಂದರು ಡಾಕ್ಟ್ರಮ್ಮ.

ಇಟ್ಟರು. ಕೈ ನಡುಗುತ್ತಲೇ ಇತ್ತು. ಮೂವರೂ ಅದನ್ನೇ ನೋಡುತ್ತ ನಿಂತೆವು. ಭಾವನ ಮುಖ ಹಿಡಿಯಷ್ಟಾಯಿತು.

“ಕತ್ತರಿ, ಇದು ನಿನ್ನ ಕೆಲಸಾನಾ?”

“ಹೌದು ಭಾವ, ನಂದೇ. ಬೈಯೋದಿದ್ರೆ ಆಮೇಲೆ ಬೈರಿ. ಈಗ ಕೂತ್ಕೊಳ್ಳಿ.”

ಡಾಕ್ಟ್ರಮ್ಮ ಒಂಟಿ ತೋಳಿನ ಕೋಟಿನಲ್ಲೇ ಅವರನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ ಪರೀಕ್ಷೆ ಶುರುಮಾಡಿದರು. ಕೈ ಚಾಚಿಸಿದರು, ಬೆರಳಿನಿಂದ ಮೂಗು ಮುಟ್ಟಿಸಿದರು, ನಡೆಸಿ ನೋಡಿದರು. ನನ್ನ ಗುರುತು ಹಾಕುವ ಚಾಕ್‌ಪೀಸು ಕೊಟ್ಟು ಕಪ್ಪು ಬಟ್ಟೆಯ ಮೇಲೆ ಸುರುಳಿ ಬರೆಯಿರಿ ಎಂದರು. ಯಾರದೋ ಪ್ಯಾಂಟಿನ ಬಟ್ಟೆ ಅದು. ಇರಲಿ ಎಂದು ತುಟಿಪಿಟಕ್ಕೆನ್ನದೆ ಇದ್ದೆ. ಕೊನೆಗೆ ಫ್ಲಾಸ್ಕಿನ ಕಡೆ ನೋಡಿ, “ದಿನಕ್ಕೆ ಎಷ್ಟು ಕುಡೀತೀರಾ ಇದನ್ನ?” ಎಂದರು.

ಭಾವನ ಎದೆ ಸ್ವಲ್ಪ ಉಬ್ಬಿತು. “ಬೆಳಿಗ್ಗೆ ಮನೇಲಿ ಎರಡು. ಅದು ಮನೆ ಕಾಫಿ, ಲೆಕ್ಕಕ್ಕಿಲ್ಲ. ಅಂಗಡಿ ತೆಗೆದ ಮೇಲೆ ಒಂದು, ಶುಭಕ್ಕೆ. ಅಂಚೆಯಣ್ಣ ಬಂದ್ರೆ ಅವನ ಜೊತೆ ಒಂದು, ಬರದಿದ್ರೆ ಅವನದ್ದೂ ನಾನೇ. ಗಿರಾಕಿ ಗಿರಾಕಿ ಮಧ್ಯೆ ಒಂದೊಂದು ಗುಟುಕು. ಮಧ್ಯಾಹ್ನಕ್ಕೆ ಫ್ಲಾಸ್ಕು ಖಾಲಿ, ಆಮೇಲೆ ತುಂಬಿಸ್ಕೊಂಡ್ ಬರ್ತೀನಿ. ಈಗ ಕತ್ತರಿ ಜೊತೆ...”

ಡಾಕ್ಟ್ರಮ್ಮ ಬೆರಳು ಮಡಚುತ್ತ ಹೋದರು. ಎರಡೂ ಕೈಯ ಬೆರಳು ಮುಗಿದ ಮೇಲೆ ಎಣಿಸುವುದನ್ನೇ ಬಿಟ್ಟರು. ನಾನು ಬಾಯಿ ತೆರೆದು ನಿಂತಿದ್ದೆ. ಮನೆಯ ಕಾಫಿ ಅಕ್ಕನಿಗೆ ಗೊತ್ತು, ಸಂಜೆಯದು ನನಗೆ ಗೊತ್ತು, ಫ್ಲಾಸ್ಕಿನದು ಹೋಟೆಲಿನವನಿಗೆ ಗೊತ್ತು. ಎಲ್ಲವನ್ನೂ ಕೂಡಿಸಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

“ನಿದ್ದೆ ಬರುತ್ತಾ?”

“ಎಲ್ಲಿ ಬರುತ್ತೆ ಡಾಕ್ಟ್ರಮ್ಮ. ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡಿರ್ತೀನಿ. ಬೆಳಿಗ್ಗೆ ತೂಕಡಿಕೆ. ಅದಕ್ಕೇ ಇನ್ನೊಂದು ಕಾಫಿ ಜಾಸ್ತಿ ಮಾಡ್ದೆ.”

ಡಾಕ್ಟ್ರಮ್ಮ ಹಣೆ ಉಜ್ಜಿಕೊಂಡರು. “ಇಷ್ಟು ಕಾಫಿ ಕುಡಿದ್ರೆ ಯಾರ ಕೈಯಾದ್ರೂ ನಡುಗುತ್ತೆ. ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ ಬನ್ನಿ. ಒಂದೇ ಸಲ ಬಿಟ್ರೆ ತಲೆ ಸಿಡಿಯುತ್ತೆ. ರಕ್ತ ಪರೀಕ್ಷೆ ಮಾಡಿಸಿ. ಮೂರು ವಾರ ಬಿಟ್ಟು ಕೈ ತೋರಿಸಿ.”

“ಆದ್ರೆ ಕಾಫಿಯಿಂದ ಆಯುಷ್ಯ ಹೆಚ್ಚುತ್ತೆ ಅಂತ ಸಂಶೋಧನೆ...”

“ಎಷ್ಟು ಕಪ್ಪು ಕುಡಿದ್ರೆ ಅಂತ ಬರೆದಿತ್ತಾ?”

ಭಾವ ತಡವರಿಸಿದರು. “ಅದು... ಮುಂದಿನ ಚೂರಲ್ಲಿತ್ತು.”

ನನಗೆ ನಗು ತಡೆಯಲಾಗಲಿಲ್ಲ. ಆದರೆ ಭಾವ ನಗಲಿಲ್ಲ. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಕೇಳಿದರು, “ಮೂರು ವಾರ ಆದ್ಮೇಲೂ ನಡುಗಿದ್ರೆ?”

“ಆಗ ಮುಂದಿಂದು ನೋಡೋಣ. ಬರೀ ಕಾಫಿಯಿಂದಲೇ ಅಂತ ಈಗ್ಲೇ ನಾನು ಹೇಳಲ್ಲ.”

“ನಮ್ಮಪ್ಪಂಗೂ ಹೀಗೇ...”

“ನಿಮ್ಮಪ್ಪನ ಕೈ ನಾನು ನೋಡಿಲ್ಲ. ನಿಮ್ಮದು ನೋಡಿದೀನಿ. ಮೊದಲು ಕಾಫಿ ಇಳಿಸಿ,” ಎಂದರು ಡಾಕ್ಟ್ರಮ್ಮ. ಆಮೇಲೆ ನನ್ನ ಕಡೆ ತಿರುಗಿ, “ಆ ತೋಳು ಇವತ್ತೇನಾದ್ರೂ ಸೇರುತ್ತಾ?” ಎಂದು ಕೇಳಿದರು.

ಆ ಮೂರು ವಾರ ನಾವು ಬದುಕಿದ್ದು ದೊಡ್ಡದು. ಕಾಫಿ ಇಳಿದಂತೆಲ್ಲ ಭಾವನ ಸಿಡುಕು ಏರಿತು. ತಲೆನೋವಿಗೆ ಟವೆಲು ಬಿಗಿದುಕೊಂಡು, ಬಾಚಣಿಗೆಗೂ ಬೈದರು, ಗಾಳಿಗೂ ಬೈದರು. ಕತ್ತಿಯನ್ನು ಒಳಗಿಟ್ಟು ಬರೀ ಕೂದಲು ಕತ್ತರಿಸುತ್ತಿದ್ದರು. ಸಂಶೋಧನೆಯ ಮಾತೇ ಇಲ್ಲ. ಊಟವನ್ನು ಹೇಗೆ ನುಂಗಿದರೂ ಕೇಳುವವರಿಲ್ಲ, ಯಾವ ಮಗ್ಗುಲಿಗೆ ಮಲಗಿದರೂ ಕೇಳುವವರಿಲ್ಲ. ಇಷ್ಟು ವರ್ಷ ಅದಕ್ಕೇ ಹಂಬಲಿಸಿದ್ದ ಅಕ್ಕನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಭಾವ ಕತ್ತಿ ತೆಗೆದು ಬಟ್ಟಲಿಗೆ ಅದ್ದಿ ನೋಡುತ್ತಿದ್ದರು. ಆಮೇಲೆ ಹಲಗೆಯಾಚೆಯಿಂದ ಕೇಳುತ್ತಿದ್ದರು, “ಏ ಕತ್ತರಿ, ಕೇಳಿಸ್ತಾ?”

“ಕೇಳಿಸ್ತು ಭಾವ.”

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಅವರ ಕಿವಿಗೆ ಕೇಳಿಸದೇ ಇರುತ್ತಿತ್ತೇ?

ಅಂಚೆಯಣ್ಣನ ಕಥೆ ಇನ್ನೊಂದು. ಭಾವನನ್ನು ಬಿಟ್ಟು ಇನ್ನೊಬ್ಬರಿಗೆ ಗಲ್ಲ ಒಡ್ಡುವುದಿಲ್ಲ ಎಂದು ಹಟ ಹಿಡಿದು ಗಡ್ಡ ಬಿಟ್ಟ. ಬಿಟ್ಟದ್ದೇ ತಡ ಕಾಡುಗಿಡದಂತೆ ಹಬ್ಬಿತು. ವರ್ಷಗಳಿಂದ ಬಾಲ ಅಲ್ಲಾಡಿಸುತ್ತಿದ್ದ ನಾಯಿಗಳು ಅಟ್ಟಿಸಿಕೊಂಡು ಬಂದವು. ಒಬ್ಬ ಅಜ್ಜಿ ಇವನು ಯಾರೋ ಸನ್ಯಾಸಿ ಎಂದು ಬಾಗಿಲಲ್ಲೇ ಕಾಲಿಗೆರಗಿ, ಆಮೇಲೆ ಫೋನ್ ಬಿಲ್ಲು ಕೈಗೆ ಬಂದದ್ದು ನೋಡಿ ಶಪಿಸಿದಳಂತೆ. ಮೇಲಧಿಕಾರಿಗಳು ಕರೆದು ಕೇಳಿದರೆ, “ನಮ್ಮ ಕ್ಷೌರದವರು ರಜದಲ್ಲಿದ್ದಾರೆ ಸಾರ್,” ಎಂದು ಬಂದ. ನಾನು ಅವನನ್ನು ಮೊದಲೆಲ್ಲ ಬಾಯಿಬಡುಕ ಎಂದು ಮೂಗು ಮುರಿಯುತ್ತಿದ್ದೆ. ಆವತ್ತಿನಿಂದ ಅವನ ಸಮವಸ್ತ್ರದ ಗುಂಡಿ ಬಿದ್ದರೆ ಕಾಸಿಲ್ಲದೆ ಹಾಕಿಕೊಡುತ್ತೇನೆ.

ರಕ್ತದಲ್ಲಿ ದೋಷವಿಲ್ಲ ಎಂದು ವರದಿ ಬಂತು. ಕೈ ಮಾತ್ರ ಒಂದು ದಿನ ಸುಮಾರಾಗಿದ್ದರೆ ಇನ್ನೊಂದು ದಿನ ಮತ್ತೆ ಮೊದಲಿನಂತೆ. ಎರಡನೆಯ ವಾರದ ಕೊನೆಗೆ ಒಂದು ಬೆಳಿಗ್ಗೆ ಬಟ್ಟಲಿನ ಸದ್ದೂ ಇಲ್ಲ, ಪ್ರಶ್ನೆಯೂ ಇಲ್ಲ. ಹೊರಗೆ ಬಂದು ನೋಡಿದರೆ ಭಾವ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತಿದ್ದರು, ಅವರಪ್ಪ ಕೂರುತ್ತಿದ್ದ ಜಾಗದಲ್ಲೇ.

“ಇಲ್ಯಾಕೆ ಕೂತ್ರಿ ಭಾವ?”

“ಸುಮ್ನೆ ಕೂತು ನೋಡ್ದೆ ಕಣೆ,” ಎಂದರು. “ಹಲಗೆ ಗಟ್ಟಿ. ಅಪ್ಪ ಇಷ್ಟು ವರ್ಷ ಹೇಗೆ ಕೂತಿದ್ರೋ.”

ನಾನು ಒಳಗೆ ಹೋಗಿ ಕೆಲಸ ಹಿಡಿದೆ. ಡಾಕ್ಟ್ರಮ್ಮ ಇನ್ನೊಂದು ಕೋಟಿಗೆ ಹೇಳಿದ್ದರು. ಅವರ ತೋಳಿನ ನಮೂನೆಯನ್ನು ಮೊಳೆಯಿಂದ ಇಳಿಸಿ ಬಟ್ಟೆಯ ಮೇಲೆ ಹರಡಿ, ಗುಂಡುಪಿನ್ನು ಚುಚ್ಚಲು ಬಗ್ಗಿದೆ. ಪಿನ್ನಿನ ಮೊನೆ ‘ಕಪ್ಪು’ ಎಂಬ ಪದದ ಮೇಲಿತ್ತು. ಬಟ್ಟೆ ಬಿಳಿ, ಕಪ್ಪು ಎಲ್ಲಿಂದ ಬಂತು ಎಂದು ಸುಮ್ಮನೆ ಓದಿದೆ. ‘ದಿನಕ್ಕೆ ಮೂರು ನಾಲ್ಕು ಕಪ್ಪಿನವರೆಗೆ ಮಾತ್ರ’ ಎಂದು ಮೊದಲಾಗಿ, ‘ಈ ಮಾತು ಅನ್ವಯಿಸುತ್ತದೆ. ಅತಿಯಾಗಿ ಕುಡಿದರೆ ನಿದ್ರೆ ಕೆಡುವುದು, ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಉಂಟು’ ಎಂದು ಸಾಗಿ, ಮೊಣಕೈಯ ತಿರುವಿನಲ್ಲಿ ಕಡಿದುಹೋಗಿತ್ತು.

ನಮೂನೆ ಹಿಡಿದು ಓಡಿದೆ. ಭಾವನ ಕನ್ನಡಿಯ ಮೂಲೆಯ ಚೂರಿಗೆ ಅದನ್ನು ತಾಗಿಸಿ ಹಿಡಿದರೆ ಅಂಚಿಗೆ ಅಂಚು ಕೂಡಿತು. ‘ಆದರೆ’ ಅಲ್ಲಿ, ‘ದಿನಕ್ಕೆ’ ಇಲ್ಲಿ. ಹಾಳೆಯ ಅರ್ಧ ಅತ್ತ ಹೋಗಿ, ಇನ್ನರ್ಧ ನನ್ನ ಪಾಲಿಗೆ ಬಂದಿತ್ತು.

ಭಾವ ಎರಡೆರಡು ಸಲ ಓದಿದರು. “ಇದು ಎಲ್ಲಿತ್ತು?”

“ಡಾಕ್ಟ್ರಮ್ಮನ ತೋಳಲ್ಲಿ.”

“ಇಷ್ಟು ದಿನ ನಿನ್ನ ಗೋಡೆ ಮೇಲೆ, ನಿನ್ನ ಕಣ್ಣೆದುರಿಗೆ?”

“ನಾನು ಅಳತೆ ನೋಡೋಳು ಭಾವ. ಓದೋ ಹುಚ್ಚು ನಿಮ್ಮದು. ಕತ್ತರಿಸಿದ್ದು ನಿಮ್ಮ ಹೆಂಡ್ತಿ.”

ಊಟದ ಡಬ್ಬಿ ತಂದಿದ್ದ ಅಕ್ಕ ಬಾಗಿಲಲ್ಲೇ ನಿಂತು, “ನನ್ನ ಮೇಲೆ ಹಾಕ್ಬೇಡಿ. ಚೌಕ ಮಾಡು ಅಂದ್ರಿ, ಚೌಕ ಮಾಡ್ದೆ. ಸುದ್ದಿ ದುಂಡಗಿದ್ರೆ ನಾನೇನ್ ಮಾಡ್ಲಿ?” ಎಂದಳು.

ಭಾವ ನಕ್ಕರು. ಮೊದಲು ಮೀಸೆಯೊಳಗೆ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು. ಕನ್ನಡಿ ಮುಂದಿನ ಆ ಆಯುಷ್ಯದ ನಗುವಲ್ಲ, ತಡೆಯಲಾಗದೆ ಬಂದ ನಗು. ನಾವೂ ನಕ್ಕೆವು. ಆದರೂ ನಗು ನಿಂತ ಮೇಲೆ ಅವರ ಕಣ್ಣು ಕೈಯ ಮೇಲೆ ಹೋದದ್ದನ್ನು ಅಕ್ಕನೂ ನೋಡಿದಳು, ನಾನೂ ನೋಡಿದೆ. ಆ ಕಾಗದದಲ್ಲಿ ನಡುಗುವುದು ಉಂಟು ಎಂದಿತ್ತು, ನಿಲ್ಲುತ್ತದೆ ಎಂದೇನೂ ಇರಲಿಲ್ಲ. ಅದಿದ್ದರೆ ನಾನು ಕತ್ತರಿಸಿ ಎಸೆದ ಭಾಗದಲ್ಲಿ, ಮೊಣಕೈಯಿಂದ ಕೆಳಗೆ ಇರಬೇಕು.

ಬೆಂಚಿನಲ್ಲಿ ಕೂತ ಮೇಲೆ ಭಾವ ಬಟ್ಟಲಿನ ಪರೀಕ್ಷೆಯನ್ನೇ ಬಿಟ್ಟಿದ್ದರು. ಸೋತು ಬಿಟ್ಟರೋ, ಬೇಸತ್ತು ಬಿಟ್ಟರೋ ಗೊತ್ತಿಲ್ಲ. ಡಾಕ್ಟ್ರಮ್ಮನಿಗೆ ಕೈ ತೋರಿಸುವ ದಿನ ಹತ್ತಿರ ಬಂದಂತೆ ನಾವು ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಅಂಚೆಯಣ್ಣ ಚೀಲ ಹೊತ್ತುಕೊಂಡೇ ಬಂದು, ಧಪ್ಪನೆ ಕುರ್ಚಿಯಲ್ಲಿ ಕೂತ ಸದ್ದು ಕೇಳಿಸಿತು.

“ತೆಗೀರಿ ಕತ್ತಿ. ಇವತ್ತು ಗಡ್ಡ ಹೋಗ್ಬೇಕು, ಇಲ್ಲಾ ಕೆಲಸ ಹೋಗುತ್ತೆ.”

“ತಿರುವಿನಲ್ಲಿ ಹೊಸ ಸಲೂನಿದೆ, ಅಲ್ಲಿ...”

“ಅಲ್ಲಿ ಗಡ್ಡ ತೆಗೆಸೋದಾಗಿದ್ರೆ ಇಷ್ಟು ದಿನ ನಾಯಿ ಕೈಲಿ ಕಚ್ಚಿಸ್ಕೊಳ್ತಿದ್ನಾ? ತೆಗೀರಿ ಅಂದ್ನಲ್ಲ.”

ಆಮೇಲೆ ಪೆಟ್ಟಿಗೆ ತೆರೆದ ಸದ್ದು, ಬಟ್ಟಲಿಗೆ ನೀರು ಸುರಿದ ಸದ್ದು, ಗಡ್ಡದ ಮೇಲೆ ಬ್ರಷ್ಷು ಆಡಿದ ಸದ್ದು. ಅಷ್ಟು ದೊಡ್ಡ ಗಡ್ಡಕ್ಕೆ ನೊರೆ ಹಚ್ಚಲು ಬಹಳ ಹೊತ್ತು ಹಿಡಿಯಿತು.

“ಎರಡು ಕಾಲೂ ಕೆಳಗಿದೆಯಾ?”

“ಇದೆ.”

ನಾನು ಹೊಲಿಗೆ ಯಂತ್ರದಿಂದ ಕಾಲು ತೆಗೆದೆ. ಕಾಗದದ ಚೌಕಗಳ ಡಬ್ಬ ಕೊಡಲು ಬಂದ ಅಕ್ಕ ಭಾವನ ಅಂಗಡಿಗೆ ಹೋಗದೆ ನನ್ನ ಬಾಗಿಲಲ್ಲೇ ನಿಂತುಬಿಟ್ಟಳು. ಹಲಗೆಯಾಚೆ ಕತ್ತಿ ಕರಕರ ಎಂದು ಕೆನ್ನೆಯ ಮೇಲಿಂದ ಇಳಿಯಿತು. ಈಗ ಬಟ್ಟಲಿಗೆ ಅದ್ದುತ್ತಾರೆ. ಅಕ್ಕ ನನ್ನ ಭುಜ ಹಿಡಿದಳು. ಬರೀ ನೀರು ಕಲಕಿದ್ದು ಕೇಳಿಸಿತು, ಟಿಣಿಟಿಣಿ ಇಲ್ಲ. ಮತ್ತೆ ಕರಕರ, ಮತ್ತೆ ನೀರು. ಗದ್ದದ ಕೆಳಗೆ ಬಂದಿರಬೇಕು, ಗಂಟಲಿನ ಹತ್ತಿರ, ಕತ್ತಿ ನಿಧಾನವಾಯಿತು. ಮತ್ತೆ ನೀರು. ಅಕ್ಕನ ಉಗುರು ನನ್ನ ಭುಜಕ್ಕೆ ನೆಟ್ಟಿತ್ತು, ಅವಳಿಗೂ ಗೊತ್ತಾಗಲಿಲ್ಲ, ನನಗೂ ನೋಯಲಿಲ್ಲ.

“ಏ ಕತ್ತರಿ,” ಎಂದರು ಭಾವ. ದನಿ ಅವರದೇ ಅನ್ನಿಸಲಿಲ್ಲ. “ಕೇಳಿಸ್ತಾ?”

ಉತ್ತರ ಕೊಟ್ಟವಳು ಅಕ್ಕ.

“ಇಲ್ಲ ಕಣ್ರೀ. ಏನೂ ಕೇಳಿಸ್ಲಿಲ್ಲ.”

ಆಮೇಲೆ ನೊರೆ ತುಂಬಿದ ಬಾಯಿಂದ ಅಂಚೆಯಣ್ಣ ಮೆಲ್ಲಗೆ ಕೇಳಿದ.

“ಹಾಗಾದ್ರೆ ಇನ್ನು ನಾನು ಉಸಿರು ಬಿಡ್ಲಾ?”